ಬಾಣಂತನಕ್ಕ ಹೋದಾಕಿ ನೋಡಿದ ಒಂದ ದಿನದ ಲಂಡನ್

"ಲಂಡನ್ನಾಗ ಮೂರೂವರಿ ತಿಂಗಳ ಇದ್ದು ಬಂದೀರಿ, ಏನೇನ್ ನೋಡಿದ್ರಿ?" ಅಂತ ಓಣ್ಯಾಗಿನ ಎಲ್ಲಾರೂ ಕೇಳಿದ್ರು. ಮಗ್ಗಲ ಮನಿ ವೈನಿ ಅಂತೂ ರಾಣಿ ಅರಮನಿ ಹೆಂಗದ, ಕೊಹಿನೂರು ಎಷ್ಟ ದೊಡ್ಡದದ ಅಂತ ಗೇಟಿನ್ಯಾಗನ ಹಿಡಕೊಂಡು ಕೇಳಿದ್ರು. ನಾ ಏನ್ ಹೇಳ್ಲಿ? ನಾ ಹೋಗಿದ್ದು ಬಾಣಂತನಕ್ಕ. ನಾ ನೋಡಿದ್ದು ಬಾಣಂತಿ ಖೋಲಿ, ಅಡಿಗಿಮನಿ, ಮತ್ತ ಅಡಿಗಿಮನ್ಯಾಗನ ಇಟ್ಟ ಅರಬಿ ಒಗಿಯೋ ಮಷಿನ್ನು. ಅರಮನಿ ನಾನೂ ಟೀವ್ಯಾಗನ ನೋಡೇನಿ, ನಿಮ್ಮ ಹಂಗ.

ಆದ್ರ ಇನ್ನ ನಾಲ್ಕ ದಿನಕ್ಕ ವಿಮಾನ ಹತ್ತಬೇಕು ಅನ್ನೂದ್ರಾಗ ಒಂದ ದಿನ ಹೊರಗ ಹೋಗಿದ್ವಿ, ನಾನು, ಮಗಳು, ಮೂರ ತಿಂಗಳ ಕೂಸು. 2019ರ ಮೇ ತಿಂಗಳ ಕಡೀ ವಾರ. ಆ ದಿನದ ಸುದ್ದಿ ಬರಿತೀನಿ ಅಂತ ಅವತ್ತ ವೈನಿಗೆ ಹೇಳಿದ್ದೆ, ಇವತ್ತ ಕೂತೇನಿ.

ಅದಕ್ಕೂ ಮೊದಲ ಒಂದ ಜಗಳದ ಸುದ್ದಿ ಹೇಳಬೇಕು. ಅದನ್ನ ಬಿಟ್ಟು ಬರೀ ತಿರುಗಾಡಿದ್ದು ಹೇಳಿದ್ರ ಅರ್ಧಾ ಸುಳ್ಳ ಹೇಳಿದಂಗ ಆಗ್ತದ.

ಅಲ್ಲೆ ಬಾಣಂತನ ಅಂದ್ರ ನಮ್ಮ ಕಡೆ ಹಂಗ ಅಲ್ರಿ. ಬಚ್ಚಲದಾಗ ಹಂಡೆ ಇಲ್ಲ, ಒಲಿ ಇಲ್ಲ, ಎರೀಲಿಕ್ಕೆ ಬರೋ ಅಜ್ಜಿ ಇಲ್ಲ. ಒಂದ ದಿನ ಕೂಸಿಗೆ ಎರದು ಲೋಬಾನ ಹಾಕೂಣು ಅಂತ ನಾಲ್ಕ ಹರಳು ಉದುರಿಸಿದ್ದೆ. ಛಾವಣಿಗೆ ಹಚ್ಚಿದ ಹೊಗಿ ಗಂಟಿ ಹಿಂಗ ಹೊಡಕೊಳ್ಳಿಕ್ಕೆ ಶುರು ಮಾಡ್ತು ಅಂದ್ರ, ಅಳಿಯಂದ್ರು ಸ್ಟೂಲ್ ಮ್ಯಾಲೆ ನಿಂತು ಟವೆಲ್ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದ್ರು. ಲೋಬಾನ ಅವತ್ತಿಗೇ ಮುಗೀತು. ಆಮ್ಯಾಲೆ ಮನಿಗೆ ಬಂದ ನರ್ಸಬಾಯಿ, ಮನಿಯೊಳಗ ಕೂಸಿಗೆ ಟೊಪ್ಪಿಗಿ ಹಾಕಬ್ಯಾಡ್ರಿ, ಅಂಗಾತ ಮಲಗಸ್ರಿ, ದಿಂಬು ಇಡಬ್ಯಾಡ್ರಿ ಅಂತ ಹೇಳಿ ಹೋದ್ಲು. ನಾ ಕಣ್ಣ ಕಾಣಲಾರದ್ದಕ್ಕ ಎರಡೆರಡ ಚಷ್ಮಾ ಹಾಕ್ಕೊಂಡು ಹೊಲದ ಸಾಸಿವಿ ದಿಂಬು ಸೀದಾ ಕಪಾಟಿಗೆ ಹೋತು. ನಮ್ಮ ಹಳೇ ಸೀರಿ ಹರದು ಮಾಡಿದ ಕುಂಚಿಗಿ ಅದರ ಮ್ಯಾಲೆ ಹೋಗಿ ಕೂತಿತು. ಅವರು ಹೇಳೋದ್ರಾಗ ಅರ್ಥ ಇರ್ತದ, ಅದು ನನಗೂ ತಿಳೀತದ. ಆದ್ರ ಎರಡ ಮಕ್ಕಳನ್ನ ಆ ದಿಂಬಿನ ಮ್ಯಾಲೇ ಮಲಗಿಸಿ ಬೆಳಿಸಿದಾಕಿಗೆ ಹೆಂಗ ಅನಿಸಬೇಕು?

ಮಗಳ ಕೈಯಾಗ ಯಾವಾಗಲೂ ಫೋನು. ಕೂಸು ಎಷ್ಟೊತ್ತಿಗೆ ಹಾಲ ಕುಡೀತು, ಯಾವ ಮಗ್ಗಲಿಂದ ಕುಡೀತು, ಎಷ್ಟ ಮಿನೀಟು, ಎಲ್ಲಾ ಅದರಾಗ ಬರಕೊಳ್ಳೂದು. ನಾ, "ಅತ್ತಾಗ ಕುಡಸವಾ, ಗಡಿಯಾರ ಯಾಕ ಬೇಕು?" ಅನ್ನೂದು. ಆಕಿ, "ಅವ್ವಾ, ಪ್ಲೀಸ್" ಅನ್ನೂದು. ಆ ಪ್ಲೀಸ್ ಅನ್ನೋ ಮಾತು ಮಕ್ಕಳ ಬಾಯಾಗ ಬಂದ್ರ ಬೈದ ಹಂಗನ ಕೇಳಸ್ತದ ನೋಡ್ರಿ. ಕಡೀಕ ಒಂದ ರಾತ್ರಿ, ಕೂಸು ಅಳ್ಲಿಕ್ಕತ್ತಿತ್ತು, ನಾ ಎದ್ದು ಬಂದು ಎತಗೊಳ್ಳಿಕ್ಕೆ ಕೈ ಚಾಚಿದೆ. ಆಕಿ ಕೊಡಲಿಲ್ಲ. "ನೀ ಹೋದ ಮ್ಯಾಲೆ ನಾನ ಎಲ್ಲಾ ಮಾಡಬೇಕಲ್ಲವ್ವಾ. ಈಗಿಂದನ ನನಗ ಬಿಡು" ಅಂದ್ಲು. ನಾ ಏನೂ ಮಾತಾಡಲಿಲ್ಲ. ಬಚ್ಚಲಕ್ಕ ಹೋಗಿ ನಳ ಬಿಟಗೊಂಡು ಅತ್ತೆ. ಇದನ್ನ ಯಾರ ಮುಂದೂ ಹೇಳಿದ್ದಿಲ್ಲ.

ಮರುದಿನ ಮುಂಜಾನೆ ಚಹಾ ಕುಡಿಯೋ ಮುಂದ ಆಕೀನ ಅಂದ್ಲು: "ನಾಳೆ ಹೊರಗ ಹೋಗೂಣು. ಅಪ್ಪನ ಗೆರಿ ನೋಡ್ಲಿಕ್ಕೆ."

ಅಪ್ಪನ ಗೆರಿ ಅಂದ್ರ ಗ್ರೀನ್‌ವಿಚ್ ರೇಖೆ. ನಮ್ಮನಿಯವ್ರು 31 ವರ್ಷ ಹೈಸ್ಕೂಲ್ನ್ಯಾಗ ಭೂಗೋಲ ಕಲಿಸಿದವರು. ಸೊನ್ನೆ ಡಿಗ್ರಿ ರೇಖಾಂಶ, ಹದಿನೈದು ಡಿಗ್ರಿಗೆ ಒಂದ ತಾಸು, ಇವೆಲ್ಲಾ ನಮ್ಮ ಮನ್ಯಾಗ ಬಾಯಿಪಾಠ. ಮೋಸಂಬಿ ಸುಲಿದು ಒಂದೊಂದ ತೊಳಿ ಬಿಡಿಸಿ, "ಇದು ರೇಖಾಂಶ, ಮ್ಯಾಲಿಂದ ಕೆಳಗ" ಅಂತ ತೋರಿಸಿ ಆಮ್ಯಾಲೆ ಮಕ್ಕಳ ಬಾಯಾಗ ಹಾಕೋರು. ಧಾರವಾಡ 75 ಡಿಗ್ರಿ ಪೂರ್ವ ರೇಖಾಂಶದ ಮ್ಯಾಲೇ ಅದ ಅನ್ನೋದು ಅವರಿಗೊಂದು ದೊಡ್ಡ ಅಭಿಮಾನ, ತಾವೇ ತಂದು ಇಟ್ಟಂಗ. ಲೆಕ್ಕ ಹಾಕ್ರಿ, ಸೂರ್ಯಾನ ಪ್ರಕಾರ ನಮ್ಮೂರಿಗೂ ಗ್ರೀನ್‌ವಿಚ್‌ಗೂ ಸರಿಯಾಗಿ ಐದ ತಾಸು. ಗಡಿಯಾರದಾಗ ಐದೂವರಿ ಯಾಕಂದ್ರ, ಇಡೀ ದೇಶಕ್ಕ ಒಂದ ಟೈಮ್ ಇರಲಿ ಅಂತ ಮಿರ್ಜಾಪುರದ ಕಡೆ ಹಾದು ಹೋಗೋ ಎಂಬತ್ತೆರಡೂವರಿ ಡಿಗ್ರಿ ಗೆರಿ ಹಿಡದಾರ. ಅದಕ್ಕ ನಮ್ಮೂರಾಗ ಹೊತ್ತು ನೆತ್ತಿ ಮ್ಯಾಲೆ ಬರೂದು ಹನ್ನೆರಡಕ್ಕಲ್ಲ, ಹನ್ನೆರಡೂವರಿ ಸುಮಾರಿಗೆ. ಇದನ್ನ ನಾ ಮದಿವಿ ಆದ ಮೊದಲನೇ ವರ್ಷನ ಕೇಳಿದ್ದು, ಊಟಕ್ಕ ತಡಾ ಯಾಕಾತು ಅಂತ ನಾ ಕೇಳಿದಾಗ.

ಇಂಥಾ ಮನಿಷ್ಯಾ ಆ ಗೆರಿ ಒಮ್ಮೆನೂ ನೋಡಿಲ್ಲ. ಅತ್ತಿಯವರು ಹಾಸಿಗಿ ಹಿಡದಾರ, ಯಾರರೆ ಒಬ್ಬರು ಮನ್ಯಾಗ ಇರಬೇಕು. ಬಾಣಂತನಕ್ಕ ಗಂಡಸರನ್ನ ಕಳಸ್ಲಿಕ್ಕೆ ಬರ್ತದೇನು? ನಾ ಹೋದೆ.

ಬುತ್ತಿ ಕಟ್ಟಿದೆ: ಚಪಾತಿ, ಆಲೂಗಡ್ಡಿ ಪಲ್ಯ, ಶೇಂಗಾ ಹಿಂಡಿ, ಮೊಸರನ್ನ. ಬಾಣಂತಿಗೆ ಎರಡ ಅಂಟಿನುಂಡಿ. ಕೂಸಿನ ಚೀಲದಾಗ ಸುಮ್ನ, ಯಾರಿಗೂ ಹೇಳಲಾರದ, ಆ ಕುಂಚಿಗೀನೂ ತುರುಕಿದೆ.

ಡಿಎಲ್‌ಆರ್ ಅಂತ ಒಂದ ರೈಲು. ಅದಕ್ಕ ಡ್ರೈವರ್ ಖೋಲಿನ ಇಲ್ಲ. ಮುಂದಿನ ಸೀಟಿನ್ಯಾಗ ಸಣ್ಣ ಹುಡುಗರು ಕೂತು ತಾವ ನಡಸ್ಲಿಕ್ಕತ್ತಂಗ ಮಾಡ್ತಾವ. ಅಲ್ಲೇ ನನಗ ಗೊತ್ತಾತು, ಗ್ರೀನ್‌ವಿಚ್ ಅಂದ್ರ ಗ್ರೀನ್‌ವಿಚ್ ಅಲ್ಲಂತ. "ಗ್ರೆನಿಚ್ ಅನ್ನಬೇಕವ್ವಾ" ಅಂದ್ಲು ಮಗಳು. 31 ವರ್ಷದಾಗ ಎಷ್ಟ ಹುಡುಗರು ನಮ್ಮನಿಯವ್ರ ಕಡೆ ಗ್ರೀನ್‌ವಿಚ್ ಅಂತ ಕಲ್ತು ಹೋಗ್ಯಾರೋ! ಅವರಿಗೆ ನಾ ಇದನ್ನ ಹೇಳಿಲ್ಲ. ಅವರು ಇದನ್ನ ಓದೂದಿಲ್ಲ. ಓದಿದವರು ಯಾರೂ ಹೋಗಿ ಹೇಳಬ್ಯಾಡ್ರಿ.

ಐಲ್ಯಾಂಡ್ ಗಾರ್ಡನ್ಸ್ ಅನ್ನೋ ಸ್ಟೇಶನ್ನಿಗೆ ಇಳದು, ಥೇಮ್ಸ್ ಹೊಳಿ ದಾಟಬೇಕು. ದಾಟೂದು ಹೊಳಿ ಮ್ಯಾಲಿಂದಲ್ಲ, ಹೊಳಿ ಕೆಳಗಿಂದ. 1902ರಾಗ ತಗದ ಸುರಂಗ ಅದ, ಬರೇ ನಡಕೊಂಡು ಹೋಗವರಿಗೆ. ಆ ದಂಡಿ ಮಂದಿ ಈ ದಂಡಿ ಬಂದರಿಗೆ ಕೆಲಸಕ್ಕ ಬರಲಿ ಅಂತ ಮಾಡಿದ್ದಂತ. ದೊಡ್ಡ ಲಿಫ್ಟಿನ್ಯಾಗ ಕೂಸಿನ ಗಾಡಿ ಸಮೇತ ಇಳದ್ವಿ. ಕೆಳಗ ಉದ್ದಾನೆ ಬಿಳೇ ಟೈಲ್ಸಿನ ಕೊಳವಿ, ಸುಮಾರು 370 ಮೀಟರ್. ತಂಪು, ಮಾತಾಡಿದ್ರ ಗುಂಯ್ ಅಂತದ. ಒಂದ ಕಡೆ ಸುರಂಗ ಸಣ್ಣದಾಗಿ ಕಬ್ಬಿಣದ ಕವಚ ಹಾಕ್ಯಾರ, ಎರಡನೇ ಮಹಾಯುದ್ಧದಾಗ ಬಾಂಬ್ ಬಿದ್ದು ಕೆಟ್ಟಿದ್ದನ್ನ ರಿಪೇರಿ ಮಾಡಿದ್ದು. ನೆತ್ತಿ ಮ್ಯಾಲೆ ಹೊಳಿ ಹರೀತದ ಅನ್ನೋದು ತಲ್ಯಾಗ ಬಂದ ಕೂಡ್ಲೆ ನಾ ಗಾಡಿ ಹಿಡಕಿ ಗಟ್ಟಿ ಹಿಡದೆ. ಕೂಸಿಗೆ ಥಂಡಿ ಆಗ್ತದಂತ ಚೀಲದೊಳಗಿಂದ ಕುಂಚಿಗಿ ತಗದೇ ಬಿಟ್ಟೆ. ಮಗಳು ನೋಡಿದ್ಲು. ಏನೂ ಅನಲಿಲ್ಲ. ತಾನ ಕೂಸಿನ ತಲಿ ಮ್ಯಾಲೆ ದುಪಟ್ಟಾ ಎಳದು ಮುಂದ ನಡದ್ಲು. ನಾ ಕುಂಚಿಗಿ ಮತ್ತ ಒಳಗಿಟ್ಟೆ.

ಆ ದಂಡಿಗೆ ಮ್ಯಾಲೆ ಬಂದ್ರ ಎದುರಿಗೇ ಕಟ್ಟಿ ಸಾರ್ಕ್ ಅನ್ನೋ ಹಳೇ ಹಾಯಿ ಹಡಗ. 1869ರದ್ದು, ಚೀನಾದಿಂದ ಚಹಾ ತರತಿತ್ತಂತ. ಹೊರಗಿಂದನ ನೋಡಿದ್ವಿ. ಅಲ್ಲಿಂದ ಪಾರ್ಕು, ಪಾರ್ಕಿನ್ಯಾಗ ಗುಡ್ಡಾ, ಗುಡ್ಡದ ಮ್ಯಾಲೆ ವೀಕ್ಷಣಾಲಯ. ನನ್ನ ಮೊಣಕಾಲಿನ ಸುದ್ದಿ ನಿಮಗ ಗೊತ್ತದ. ಮಗಳು ಗಾಡಿ ದೂಕೋತ, ನಾ ಆಕಿ ಹಿಂದ ನಿಂತು ನಿಂತು. ಮೂರ ತಿಂಗಳ ಬಾಣಂತಿ ಗುಡ್ಡಾ ಹತ್ತೋದು ನೋಡಿ ನನ್ನ ಹೊಟ್ಟಿ ಚುರ್ ಅಂತು, "ನಾ ದೂಕ್ತೀನಿ ತಾ" ಅಂದೆ. "ನಿನ್ನ ನೀ ದೂಕ್ಕೊಂಡು ಬಾ ಸಾಕು" ಅಂದ್ಲು. ಇಬ್ಬರೂ ನಕ್ವಿ. ಎರಡ ದಿನಕ್ಕ ಅದೇ ಮೊದಲ ನಗು.

ಮ್ಯಾಲಿಂದ ನೋಟ ಏನ್ ಹೇಳ್ಲಿ! ಕೆಳಗ ಬಿಳೇ ಕಂಬದ ಹಳೇ ಕಟ್ಟಡ, ಅದರಾಚೆ ಹೊಳಿ, ಹೊಳಿ ಆಚೆ ಮುಗಿಲಿಗೆ ಹತ್ತಿದ ಗಾಜಿನ ಬಿಲ್ಡಿಂಗ್. ಗೇಟಿನ ಗ್ವಾಡಿಗೆ ಒಂದ ಗಡಿಯಾರ ಕೂಡ್ರಿಸ್ಯಾರ, 1852ರದ್ದು. ನನ್ನ ಕೈಗಡಿಯಾರದಾಗ ಹನ್ನೆರಡು ಇಪ್ಪತ್ತು. ಅದರ ಸಣ್ಣ ಮುಳ್ಳು ನಮ್ಮ ಆರರ ಜಾಗಾದ ಹತ್ತಿರ ನಿಂತಿತ್ತು! "ಅಯ್ಯ, ಲೋಕಕ್ಕೆಲ್ಲಾ ಟೈಮ್ ಹೇಳೋದೇ ಕೆಟ್ಟದಲ್ಲೇ" ಅಂದೆ. ಕೆಟ್ಟಿಲ್ಲ. ಅದರ ಮಾರಿ ಮ್ಯಾಲೆ 24 ತಾಸು ಬರದಾರ, ಸೊನ್ನೆ ಮ್ಯಾಲೆ, ಹನ್ನೆರಡು ಕೆಳಗ. ಸರಿಯಾಗಿ ಓದಿದ್ರೂ ನನ್ನ ಗಡಿಯಾರಕ್ಕಿಂತ ಒಂದ ತಾಸು ಹಿಂದ. ಬ್ಯಾಸಿಗಿ ಬಂತಂದ್ರ ಆ ದೇಶದವರು ಎಲ್ಲಾ ಗಡಿಯಾರ ಒಂದ ತಾಸು ಮುಂದ ಮಾಡ್ತಾರ, ಇದನ್ನ ಮಾತ್ರ ಮುಟ್ಟೂದಿಲ್ಲ.

ಹುಲ್ಲಿನ ಮ್ಯಾಲೆ ಚಾಪಿ ಹಾಸಿ ಬುತ್ತಿ ಬಿಚ್ಚಿದ್ವಿ. ಒಂದಕ್ಕ ಐದ ಮಿನೀಟು ಇರೋವಾಗ ಮಂದಿ ಎಲ್ಲಾ ಮ್ಯಾಲೆ ನೋಡ್ಲಿಕ್ಕೆ ಹತ್ತಿದ್ರು. ಕಟ್ಟಡದ ತುದಿಗೆ ಒಂದ ಕೆಂಪ ಗುಂಡು ಅದ. ಅದು ಕಂಬದ ಅರ್ಧಕ್ಕ ಏರ್ತು, ಎರಡ ಮಿನೀಟು ಇರೋವಾಗ ತುದಿಗೆ ಮುಟ್ಟಿತು, ಸರಿಯಾಗಿ ಒಂದಕ್ಕ ಸರ್ ಅಂತ ಕೆಳಗಿಳೀತು. 1833ರಿಂದ ನಡದು ಬಂದದ್ದು. ಹೊಳ್ಯಾಗಿನ ಹಡಗದವರು ಅದನ್ನ ನೋಡಿ ತಮ್ಮ ಗಡಿಯಾರ ಸರಿ ಮಾಡ್ಕೋತಿದ್ರಂತ. ನಾ ಢಂ ಅಂತ ಸಪ್ಪಳ ಆಗ್ತದಂತ ಕೂಸಿನ ಕಿವಿ ಮುಚ್ಚಿ ಕೂತಿದ್ದೆ. ಸಪ್ಪಳನ ಇಲ್ಲ.

ಒಳಗ ಹೋಗ್ಲಿಕ್ಕೆ ಟಿಕೀಟು. ತುಟ್ಟಿ. "ನೀ ಒಬ್ಬಾಕೀನ ಹೋಗವ್ವಾ, ಕೂಸಿನ್ನ ಕರಕೊಂಡು ನನಗ ನೋಡ್ಲಿಕ್ಕೆ ಆಗೂದಿಲ್ಲ. ಒಂದ ತಾಸು ಆರಾಮ ನೋಡಿಕೊಂಡು ಬಾ" ಅಂದ್ಲು ಮಗಳು. ಕೂಸು ಹುಟ್ಟಿದಾಗಿಂದ ಅವರಿಬ್ಬರನ್ನ ಬಿಟ್ಟು ನಾ ಒಂದ ತಾಸು ಎಲ್ಲೂ ಹೋಗಿದ್ದಿಲ್ಲ. ಗಾಳಿ ಬೀಸ್ತಿತ್ತು, ಕೂಸಿನ ತಲಿ ಬರೀ ಇತ್ತು. ನನ್ನ ಫೋನಿಗೆ ಅಲ್ಲಿ ಸಿಮ್ಮೂ ಇಲ್ಲ, ಮನಿ ವೈಫೈ ಮ್ಯಾಲೆ ನಡಿಯೋದು. ನಾಲ್ಕ ಹೆಜ್ಜಿ ಹೋಗಿ ಹಿಂದ ತಿರುಗಿ ನೋಡಿದೆ. ಆಕಿ ಕೈ ಬೀಸಿ "ಹೋಗು" ಅಂದ್ಲು.

ಅಂಗಳದಾಗ ನೆಲಕ್ಕ ಒಂದ ಲೋಹದ ಪಟ್ಟಿ. ಇಷ್ಟನ. ಅದರ ಮ್ಯಾಲೆ ನಿಲ್ಲಿಕ್ಕೆ ಪಾಳಿ. 1884ರಾಗ ವಾಷಿಂಗ್ಟನ್ನಿನ್ಯಾಗ 25 ದೇಶದವರು ಕೂಡಿ ಸೊನ್ನೆ ಡಿಗ್ರಿ ಇಲ್ಲಿಂದ ಅಂತ ಠರಾಯಿಸಿದ್ದು. ಫ್ರಾನ್ಸಿನವರು ಮಾತ್ರ ಒಪ್ಪಲಾರದ ಇನ್ನೂ ಸುಮಾರು ವರ್ಷ ತಮ್ಮ ಪ್ಯಾರಿಸ್ ಗೆರಿನ ಹಿಡಕೊಂಡು ಕೂತ್ರು. ಪ್ರತಿ ಮನ್ಯಾಗೂ ಅಂಥವರೊಬ್ಬರು ಇರ್ತಾರ. ನನ್ನ ಪಾಳಿ ಬಂದಾಗ ನೀರಿಗಿ ಎತ್ತಿ ಒಂದ ಕಾಲು ಪೂರ್ವಕ್ಕ, ಒಂದ ಕಾಲು ಪಶ್ಚಿಮಕ್ಕ ಇಟ್ಟು ನಿಂತೆ. ಹಿಂದ ನಿಂತ ಹುಡುಗಿ ಫೋಟೋ ತಗದು ಕೊಟ್ಲು. ಖರೇ ಹೇಳ್ಬೇಕಂದ್ರ ಏನೂ ಅನಸಲಿಲ್ಲ. ನನ್ನ ಚಿತ್ತ ಎಲ್ಲಾ ಹೊರಗ ಇತ್ತು.

ಒಳಗಿನ ಗಡಿಯಾರ ಮಾತ್ರ ನನ್ನ ಹಿಡದು ನಿಲ್ಲಿಸಿದ್ವು. ಜಾನ್ ಹ್ಯಾರಿಸನ್ ಅಂತ ಒಬ್ಬ ಬಡಿಗ್ಯಾ ಮಾಡಿದ್ದು. ಮೊದಲ ಸಮುದ್ರದ ನಡು ಹೋದ ಹಡಗಕ್ಕ ತಾ ಪೂರ್ವ–ಪಶ್ಚಿಮ ಎಷ್ಟ ದೂರ ಬಂದೇನಿ ಅನ್ನೋದು ತಿಳೀತಿದ್ದಿಲ್ಲ, ಬಂಡಿಗೆ ಬಡದು ಮುಳುಗ್ತಿದ್ವು. ಊರಿನ ಟೈಮ್ ತೋರಿಸೋ ಗಡಿಯಾರ ಒಂದ ಹಡಗದಾಗ ಇದ್ರ ಸಾಕು. ನೆತ್ತಿ ಮ್ಯಾಲೆ ಸೂರ್ಯಾ ಬಂದಾಗ ಇಲ್ಲಿ ಹನ್ನೆರಡು, ಊರಾಗ ಎಷ್ಟು ಅಂತ ನೋಡಿದ್ರ ಊರು ಎಷ್ಟ ದೂರ ಅದ ಅಂತ ಗೊತ್ತಾಗ್ತದ. ಆದ್ರ ಅಲೆ ಮ್ಯಾಲೆ ತೂಗಾಡೋ ಹಡಗದಾಗ ಯಾವ ಗಡಿಯಾರನೂ ಸರಿ ನಡೀತಿದ್ದಿಲ್ಲ. ಮಾಡಿದವರಿಗೆ 20,000 ಪೌಂಡ್ ತನಕ ಕೊಡ್ತೀವಿ ಅಂತ 1714ರಾಗ ಕಾಯಿದೆ ಮಾಡಿದ್ರು. ಈ ಮನಿಷ್ಯಾ ತನ್ನ ಇಡೀ ಆಯುಷ್ಯ ಅದಕ್ಕ ಹಾಕಿದ. ಮೂರನೇ ಗಡಿಯಾರ ಒಂದಕ್ಕ 19 ವರ್ಷ! ಮೊದಲಿನ ಮೂರು ಹಿತ್ತಾಳಿ ದೊಡ್ಡ ದೊಡ್ಡ ಯಂತ್ರ, ಇನ್ನೂ ಟಕ್ ಟಕ್ ನಡದಾವ. ಗೆದ್ದದ್ದು ನಾಲ್ಕನೇದು, ಅಂಗೈಯಗಲದ ಕಿಸೆ ಗಡಿಯಾರದಂಥಾದ್ದು. ಅದನ್ನ ಸವೀಬಾರದಂತ ನಿಲ್ಲಿಸಿಟ್ಟಾರ, ನಾವು ಛಲೋ ಇಳಕಲ್ ಸೀರಿ ಟ್ರಂಕಿನ್ಯಾಗ ಇಟ್ಟಂಗ. ರೊಕ್ಕ ಕೊಡ್ಲಿಕ್ಕೆ ಮಾತ್ರ ಸತಾಯಿಸಿ ಸತಾಯಿಸಿ, ಅರಸಾ ಮೂರನೇ ಜಾರ್ಜ್ ನಡುವ ಬಂದ ಮ್ಯಾಲೆ, 1773ರಾಗ, ಅವನಿಗೆ 80 ವರ್ಷ ಆದಾಗ ಬಾಕಿ ಕೊಟ್ರು.

ಮಗಳ ಅಡಿಗಿಮನ್ಯಾಗ ಎರಡ ಗಡಿಯಾರ ಅವ. ಒಂದು ಅಲ್ಲಿ ಟೈಮಿನದ್ದು. ಇನ್ನೊಂದು ನಾ ಹೋಗೋಕಿಂತ ಮೊದಲ ಆಕಿ ನನ್ನ ಸಲುವಾಗಿ ಇಂಡಿಯಾ ಟೈಮಿಗೆ ಹಚ್ಚಿಟ್ಟದ್ದು. ಮೂರ ತಿಂಗಳ ನಾ ಕುಕ್ಕರ್ ಇಡೋವಾಗ, ಒಗ್ಗರಣಿ ಹಾಕೋವಾಗ ಬರೇ ಎರಡನೇದನ್ನ ನೋಡಿಕೋತ ಇದ್ದೆ.

ಹೊರಗ ಬಂದೆ. ಚಾಪಿ ಹಾಸಿದ ಜಾಗಾದಾಗ ಯಾರೂ ಇಲ್ಲ.

ಗಾಡಿ ಇಲ್ಲ, ಚೀಲ ಇಲ್ಲ, ಚಾಪಿ ಇಲ್ಲ. ಎದಿ ಧಸಕ್ ಅಂತು. ಕೂಸಿಗೆ ಏನರೆ ಆತೇನು, ದವಾಖಾನಿಗೆ ಹೋದ್ಲೇನು, ಫೋನ್ ಮಾಡ್ಲಿಕ್ಕೆ ಬರೂದಿಲ್ಲ, ಮನಿ ದಾರಿನೂ ಗೊತ್ತಿಲ್ಲ. ವೆಂಕಪ್ಪಗ ಹರಕಿ ಹೊತ್ತು ಸೆರಗ ಬಿಗದು ಹೊಂಟೆ. ಆ ಗಿಡದಿಂದ ಈ ಗಿಡಕ್ಕ. ಮೊಣಕಾಲು ನೂತದ್ದೂ ನೆನಪಿಲ್ಲ. ಕಟ್ಟಡದ ಪೂರ್ವದ ಕಡೆ, ಕಾಲುದಾರಿ ಮಗ್ಗಲಿಗೆ ಚಾಪಿ ಕಾಣಿಸ್ತು.

ಕೂಸು ಬೋರಲ ಮಲಗಿತ್ತು. ತಲಿ ಬರೀ, ಕಾಲು ಬರೀ. ಕುತ್ತಿಗಿ ಎತ್ತಿ ಎತ್ತಿ ನೋಡ್ತಿತ್ತು, ದಣದು ಬೀಳ್ತಿತ್ತು, ಮತ್ತ ಎತ್ತತಿತ್ತು. ಮಗಳು ಅದರ ಎದುರಿಗೆ ತಾನೂ ಬೋರಲ ಮಲಗಿ, ನನ್ನ ಅವ್ವ ಹಾಡ್ತಿದ್ದ, ನಾ ಹಾಡ್ತಿದ್ದ ಅದೇ ಜೋಗುಳ ಗುಣಗುಣ ಅಂತಿದ್ಲು. ಮಗ್ಗಲಿಗೆ ಹೊಲಸ ಡೈಪರು ಅಚ್ಚುಕಟ್ಟಾಗಿ ಪಾಕೀಟಿನ್ಯಾಗ ಕಟ್ಟಿಟ್ಟಿದ್ಲು. ಅಂಟಿನುಂಡಿ ಡಬ್ಬಿ ಖಾಲಿ. ಫೋನು ಚೀಲದ ಮ್ಯಾಲೆ ಬಿದ್ದಿತ್ತು. ನಾ ಕೂಗಲಿಲ್ಲ. ಗಿಡದ ಹತ್ತಿರ ನಿಂತೆ, ಒಂದ ಐದ ಮಿನೀಟು ನಿಂತಿರಬೇಕು.

ನನ್ನ ನೋಡಿ ಎದ್ದು ಕೂತು, "ಅವ್ವಾ, ಸಾರಿ, ಹುಡುಕಿದೇನು? ಬಾ ಬಾ, ಇಲ್ಲೆ ನೋಡು" ಅಂತ ಫೋನ್ ತೋರಿಸಿದ್ಲು. ಅದರಾಗ ರೇಖಾಂಶ ಸೊನ್ನೆ, ಮುಂದೆಲ್ಲಾ ಸೊನ್ನೆ. ಉಪಗ್ರಹ ಲೆಕ್ಕ ಹಾಕೋ ಈಗಿನ ಸೊನ್ನೆ ಗೆರಿ, ಆ ಅಂಗಳದ ಪಟ್ಟಿ ಮ್ಯಾಲೆ ಇಲ್ಲಂತ. 102 ಮೀಟರ್ ಪೂರ್ವಕ್ಕ, ಪಾರ್ಕಿನ್ಯಾಗ ಅದ. ಹಳೇ ದುರ್ಬೀನು ನೆಟ್ಟಗ ನಿಲ್ಲಸ್ಲಿಕ್ಕೆ ಆ ಜಾಗಾದ ಗುರುತ್ವದ ಎಳೆತ ನೋಡಿದ್ರು, ಆ ಎಳೆತ ಸ್ವಲ್ಪ ವಾರಿ ಇತ್ತು. ಉಪಗ್ರಹಕ್ಕ ಭೂಮಿಯ ನಟ್ಟನಡು ಲೆಕ್ಕ. "ಅಪ್ಪಗ ತೋರಿಸಬೇಕಂತ ಗಾಡಿ ದೂಕ್ಕೊಂಡು ಹುಡುಕಿದೆ. ಇವಂದು ಹಾಲು, ಡೈಪರು ಎಲ್ಲಾ ಆತು. ಎಷ್ಟೊತ್ತಿಗೆ ಆತು ಅಂತ ಬರೀಲಿಕ್ಕೆ ಮರತೆ" ಅಂತ ನಕ್ಕಳು.

ಆಗ ಧಾರವಾಡದಾಗ ಸಂಜಿ ಏಳು ದಾಟಿತ್ತು. ಅಲ್ಲಿಂದನ ನಮ್ಮನಿಯವ್ರಿಗೆ ವಿಡಿಯೋ ಕಾಲ್ ಮಾಡಿದ್ವಿ. ಅತ್ತಿಯವರಿಗೆ ಗಂಜಿ ಕುಡಸ್ಲಿಕ್ಕತ್ತಿದ್ರು, ಕೈಯಾಗ ಚಮಚ ಇತ್ತು. 102 ಮೀಟರಿನ ಸುದ್ದಿ ಕೇಳಿ ಆ ಚಮಚ ಹಂಗ ಎತ್ತಿ ಹಿಡಕೊಂಡು, "ಪೂರ್ವಕ್ಕೋ ಪಶ್ಚಿಮಕ್ಕೋ? ಖಾತ್ರಿ ಏನು?" ಅಂತ ಎರಡೆರಡ ಸಲ ಕೇಳಿದ್ರು. ಆಮ್ಯಾಲೆ ಸುಮ್ನಾದ್ರು. ಕಣ್ಣಿನ್ಯಾಗ ನೀರ ಬಂದಾವೋ ಏನೋ, ಫೋನಿನ್ಯಾಗ ತಿಳಿಯೂದಿಲ್ಲ. ಕಡೀಕ ಕೂಸಿನ್ನ ನೋಡಿ, "ಇದೇನು, ಗಾಳ್ಯಾಗ ಬರೇ ತಲ್ಯಾಗ ಮಲಗಿಸೀರಿ, ಟೊಪ್ಪಿಗಿ ಎಲ್ಲದ?" ಅಂದ್ರು.

"ಇರಲಿ ಬಿಡ್ರಿ, ಆಕಿಗೆ ಗೊತ್ತದ" ಅಂದೆ ನಾ.

ಮಗಳು ನನ್ನ ಮಾರಿ ನೋಡಿದ್ಲು. ನಾ ಚಾಪಿ ಮಡಚ್ಲಿಕ್ಕೆ ಹತ್ತಿದೆ.

ಬರೋವಾಗ ಸುರಂಗದಾಗ ಕೂಸು ಒಂದ ಸವನ ಅತ್ತಿತು. ಗುಂಯ್ ಅನ್ನೋ ಆ ಕೊಳವ್ಯಾಗ ಒಂದ ಕೂಸಿನ ಅಳು ಹತ್ತ ಕೂಸಿನ ಅಳು ಆಗ್ತದ. ನನ್ನ ಕೈ ತಾನ ಮುಂದ ಹೋತು, ಹೋಗಿ ಗಾಡಿ ಹಿಡಕಿ ಹಿಡೀತು. ಆಕಿ ಎತಗೊಂಡು ಭುಜಕ್ಕ ಹಾಕ್ಕೊಂಡ್ಲು, ನಾ ಖಾಲಿ ಗಾಡಿ ದೂಕ್ಕೋತ ಹಿಂದ ಹಿಂದ ಬಂದೆ.

ನಾಲ್ಕ ದಿನಕ್ಕ ಊರಿಗೆ ಹೊಂಟೆ. ಸಾಸಿವಿ ದಿಂಬು ಮರಳಿ ತಂದೀನಿ, ಆಚಿ ಓಣಿ ನಾದಿನಿ ಸೊಸಿಗೆ ಏಳನೇ ತಿಂಗಳ ನಡದದ, ಆಕಿಗೆ ಬೇಕಾದ್ರ ಕೊಡ್ತೀನಿ. ಕುಂಚಿಗಿ ಅಲ್ಲೇ ಕಪಾಟಿನ್ಯಾಗ ಬಿಟ್ಟು ಬಂದೀನಿ. ಹಾಕ್ತಾಳೋ ಇಲ್ಲೋ, ನಾ ಕೇಳಿಲ್ಲ.